ಮೂರು ಕೆ.ಜಿ. ಮಗುವಿಗೆ ಒಂದು ಸೂಟ್‌ಕೇಸು

ಒಂಬತ್ತು ತಿಂಗಳು ತುಂಬುತ್ತಿದ್ದ ಹಾಗೆ ನಮ್ಮ ಮನೆಗಳಲ್ಲಿ ಒಂದು ಬ್ಯಾಗು ಬಾಗಿಲ ಪಕ್ಕಕ್ಕೆ ಬಂದು ಕೂರುತ್ತದೆ. ಅದನ್ನು ಯಾರು ತುಂಬಬೇಕು ಎಂಬುದು ಮೊದಲ ಜಗಳ, ಏನು ತುಂಬಬೇಕು ಎಂಬುದು ಎರಡನೆಯದು. ಬಸುರಿಯನ್ನು ಯಾರೂ ಕೇಳುವುದಿಲ್ಲ. ಚೊಚ್ಚಲು, ಅವಳಿಗೇನು ಗೊತ್ತಾಗುತ್ತೆ ಪಾಪ! ಒಳಗಿರುವ ಮುಖ್ಯ ಫಲಾನುಭವಿಯನ್ನಂತೂ ಕೇಳುವ ಹಾಗೇ ಇಲ್ಲ. ಮಿಕ್ಕವರೆಲ್ಲ ಕೂಸಿನ ಉಡುಪಿನ ವಿಷಯದಲ್ಲಿ ಪಂಡಿತರೇ. ಇನ್ನೂ ಮದುವೆಯಾಗದ ಸೋದರಮಾವ ಕೂಡ ಮೊಬೈಲು ನೋಡಿಕೊಂಡು ‘ಆರ್ಗಾನಿಕ್ ಕಾಟನ್ ಇರಲಿ ಅಕ್ಕ’ ಅನ್ನುತ್ತಾನೆ.

ಅಂಗಡಿಗೆ ಹೋದರೆ ಮೊದಲ ಪ್ರಶ್ನೆ ಬಣ್ಣದ್ದು. ಹೊಟ್ಟೆಯಲ್ಲಿರುವುದು ಗಂಡೋ ಹೆಣ್ಣೋ ಹೇಳಕೂಡದೆಂದು 1994ರಲ್ಲೇ ಕಾಯ್ದೆ ಬಂದಿದೆ. ಬಂದದ್ದು ಹೆಣ್ಣುಕೂಸನ್ನು ಉಳಿಸಲು, ಪುಣ್ಯದ ಕೆಲಸ. ಅದರ ಜೊತೆಗೆ ಗುಲಾಬಿ-ನೀಲಿಯ ಹಾವಳಿಯಿಂದಲೂ ನಮ್ಮನ್ನು ಅರ್ಧ ಕಾಪಾಡಿದೆ. ಚಿಕ್ಕಪೇಟೆಯ ಅಂಗಡಿಯವನು ‘ಹಳದಿ, ತಿಳಿಹಸಿರು, ಬಿಳಿ ಹಾಕ್ಕೊಡ್ಲಾ ಮೇಡಂ, ಯಾವ ಮಗು ಆದ್ರೂ ನಡೆಯುತ್ತೆ’ ಎಂದು ಪೊಟ್ಟಣ ಕಟ್ಟಿಕೊಡುತ್ತಾನೆ. ಅಮೆರಿಕದಲ್ಲಿರುವ ನಾದಿನಿಗೆ ಈ ರಕ್ಷಣೆ ಇಲ್ಲ. ಅವಳಿಗೆ ಐದನೇ ತಿಂಗಳಲ್ಲೇ ಹೆಣ್ಣೆಂದು ಗೊತ್ತಾಗಿ, ಮನೆಯ ಪರದೆಯವರೆಗೂ ಗುಲಾಬಿ ಹರಡಿಬಿಟ್ಟಿರುತ್ತದೆ.

ಎರಡನೆಯದು ಅಳತೆ. ‘ಬೆಳೆಯೋ ಮಗು ಕಣೇ, ಒಂದು ಸೈಜು ದೊಡ್ಡದೇ ಇರಲಿ’ ಎನ್ನುವ ಅತ್ತೆಯೊಬ್ಬರು ಪ್ರತಿ ಮನೆಯಲ್ಲೂ ಇದ್ದಾರೆ. ಅವರಿಗೆ ಯಾರೂ ಹೇಳದ ಸಂಗತಿ ಏನೆಂದರೆ, ಬೆಳೆಯೋ ಮಗು ಮೊದಲ ಕೆಲವು ದಿನ ಇಳಿಯುತ್ತದೆ. ಹುಟ್ಟಿದಾಗಿನ ತೂಕದಲ್ಲಿ ನೂರಕ್ಕೆ ಏಳೆಂಟು ಪಾಲು ಕಳೆದುಕೊಂಡು, ಆಮೇಲೆ ಹಾಲು ಹತ್ತಿದ ಮೇಲೆ ಮತ್ತೆ ಏರುವುದು ಅದರ ಪದ್ಧತಿ. ಎರಡೂಮುಕ್ಕಾಲು ಕೆ.ಜಿ.ಯ ನಮ್ಮ ಕೂಸಿಗೆ ವಿದೇಶಿ ಬ್ರ್ಯಾಂಡಿನ ‘0-3 ತಿಂಗಳು’ ಅಂಗಿ ತೊಡಿಸಿದರೆ ಕೈಯನ್ನು ತೋಳಿನೊಳಗೆ ಹುಡುಕಬೇಕಾಗುತ್ತದೆ.

ಇಷ್ಟೆಲ್ಲ ಆದ ಮೇಲೆ ಬರುತ್ತಾರೆ ಅಜ್ಜಿಯರು. ಹುಡುಗಿಯ ತಾಯಿ ಮೈಸೂರಿನವರು, ಹುಡುಗನ ತಾಯಿ ಧಾರವಾಡದವರು ಎಂದಿಟ್ಟುಕೊಳ್ಳಿ. ಆಸ್ಪತ್ರೆಯ ಕಾರಿಡಾರು ಕಳೆಗಟ್ಟುತ್ತದೆ. ಧಾರವಾಡದ ಅಜ್ಜಿ ಗುಳೇದಗುಡ್ಡ ಖಣದಲ್ಲಿ ತಾವೇ ಕೂತು ಹೊಲಿದ ಕುಂಚಿಗೆ ತಂದಿರುತ್ತಾರೆ. ನೆತ್ತಿಯಿಂದ ಬೆನ್ನಿನ ತನಕ ಇಳಿಯುವ, ಅಂಚಿಗೆ ಬಣ್ಣದ ಪಟ್ಟಿ ಕೊಟ್ಟ ಅದನ್ನು ನೋಡಿದರೆ ದೊಡ್ಡವರಿಗೂ ಹಾಕಿಕೊಳ್ಳೋಣ ಅನಿಸಬೇಕು.

‘ಎಳೀ ಕೂಸಿನ ನೆತ್ತಿಗೆ ಗಾಳಿ ತಾಗತೈತ್ರಿ, ಕುಂಚಗಿ ಹಾಕ್ರಿ ಮೊದಲ.’

‘ಚೆನ್ನಾಗಿದೆ ಬೀಗಿತ್ತಿಯವ್ರೇ. ಆದ್ರೆ ನಮ್ಮಲ್ಲಿ ಹನ್ನೊಂದು ದಿನ ಹೊಸಬಟ್ಟೆ ತೊಡಿಸಲ್ಲ. ಪುಣ್ಯಾಹ ಆಗ್ಲಿ, ಆಮೇಲೆ ಹಾಕೋಣ.’

‘ಹಂಗಾರ ಅಲ್ಲೀತನಕ ಕೂಸು ಏನು ಉಟ್ಕೋಬೇಕ್ರಿ?’

‘ನಮ್ಮೆಜಮಾನರ ಹಳೇ ಪಂಚೆ ಇದೆಯಲ್ಲ!’

ಪಂಚೆಯ ಪಕ್ಷಕ್ಕೆ ನನ್ನದೊಂದು ವೋಟು. ವರ್ಷಗಟ್ಟಲೆ ಒಗೆತ ತಿಂದು ಗಂಜಿ ಬಿಟ್ಟ, ಬಣ್ಣ ಬಿಡಲು ಬಣ್ಣವೇ ಉಳಿಯದ ಹತ್ತಿಬಟ್ಟೆಯಷ್ಟು ಮೆತ್ತಗಿನದನ್ನು ಯಾವ ಕಂಪನಿಯೂ ಮಾರುತ್ತಿಲ್ಲ. ಉಟ್ಟ ಹಿರಿಯರ ಆಯುಸ್ಸು ಕೂಸಿಗೂ ಬರಲಿ ಎಂಬ ನಂಬಿಕೆ ಬೇರೆ ಸೇರಿಕೊಂಡಿದೆ. ನರ್ಸಮ್ಮನಿಗೆ ಆಯುಸ್ಸಿನ ಲೆಕ್ಕ ಬೇಡ. ‘ಹಳೇದೋ ಹೊಸದೋ, ಒಗ್ದು ಬಿಸಿಲಲ್ಲಿ ಒಣಗಿಸಿದ್ದು ಕೊಡಿ’ ಅಂತ ಅವರು ಕೈ ಚಾಚಿದರೆ ಎರಡೂ ಪಕ್ಷಗಳು ತೆಪ್ಪಗಾಗುತ್ತವೆ.

ಅಸಲಿಗೆ ಹುಟ್ಟಿದ ಗಳಿಗೆಯಲ್ಲಿ ಕೂಸಿಗೆ ಈ ಯಾವುದೂ ಬೇಕಾಗುವುದಿಲ್ಲ. ಮೈ ಒರೆಸಿ, ತಲೆಗೊಂದು ಟೋಪಿ ಹಾಕಿ, ಬೆತ್ತಲೆಯಾಗಿ ತಾಯಿಯ ಎದೆಯ ಮೇಲೆ ಮಲಗಿಸಿ ಇಬ್ಬರಿಗೂ ಸೇರಿಸಿ ಒಂದು ಹೊದಿಕೆ ಹೊದಿಸುತ್ತಾರೆ. ಮೊದಲ ಒಂದು ಗಂಟೆಗೆ ತಾಯಿಯ ಚರ್ಮವೇ ಅಂಗಿ. 1978ರಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ ಇನ್‌ಕ್ಯುಬೇಟರ್ ಸಾಲದೆ ಬಂದಾಗ ಅಲ್ಲಿನ ವೈದ್ಯರು ತೂಕ ಕಡಿಮೆಯಿದ್ದ ಕೂಸುಗಳನ್ನು ಹೀಗೆ ತಾಯಂದಿರ ಎದೆಗೆ ಕಟ್ಟಿ ಉಳಿಸಿಕೊಂಡರು. ‘ಕಾಂಗರೂ ಆರೈಕೆ’ ಎಂಬ ಹೆಸರಲ್ಲಿ ಅದು ಇವತ್ತು ನಮ್ಮ ಜಿಲ್ಲಾಸ್ಪತ್ರೆಗಳಲ್ಲೂ ಇದೆ. ಸ್ನಾನ ಕೂಡ ಒಂದು ದಿನ ಕಳೆದ ಮೇಲೆ ಎನ್ನುತ್ತಾರೆ ಡಾಕ್ಟರು. ಮೈಗೆ ಬೆಣ್ಣೆಯಂತೆ ಅಂಟಿದ ಬಿಳಿ ಲೇಪ ಇರುವಷ್ಟು ಹೊತ್ತು ಇರಲಿ ಎಂಬುದು ಅವರ ಲೆಕ್ಕ. ಅಲ್ಲಿಗೆ ರೇಷ್ಮೆ ಫ್ರಾಕು ಹಿಡಿದು ಬಾಗಿಲಲ್ಲಿ ನಿಂತ ಚಿಕ್ಕಮ್ಮನ ಕಥೆ ಮುಗಿಯಿತು.

ಆಮೇಲೆ ಮಗು ಮೊಟ್ಟಮೊದಲು ಧರಿಸುವುದು ಅಂಗಿಯನ್ನಲ್ಲ, ಕಾಲಿನ ಪ್ಲಾಸ್ಟಿಕ್ ಪಟ್ಟಿಯನ್ನು. ‘ಬೇಬಿ ಆಫ್’ ಎಂದು ಬರೆದು ಮುಂದೆ ತಾಯಿಯ ಹೆಸರು. ವಂಶೋದ್ಧಾರಕ ಎಂದು ಕುಣಿಯುತ್ತಿದ್ದ ಅಪ್ಪನ ಮನೆಯವರು ಅದನ್ನು ಎರಡೆರಡು ಸಲ ಓದಿ ಸುಮ್ಮನಾಗುವುದನ್ನು ನೋಡಲೆಂದೇ ನಾನು ಆಸ್ಪತ್ರೆಗೆ ಹೋಗುತ್ತೇನೆ.

ಚಳಿಯ ವಿಷಯದಲ್ಲಿ ಮಾತ್ರ ಅಜ್ಜಿಯರನ್ನು ಪೂರ್ತಿ ಗೇಲಿ ಮಾಡುವ ಹಾಗಿಲ್ಲ. ಚಳಿಯಾದರೆ ನಮ್ಮ ಹಾಗೆ ನಡುಗಿ ಬಿಸಿ ಮಾಡಿಕೊಳ್ಳಲು ಎಳೆಗೂಸಿಗೆ ಬರುವುದಿಲ್ಲ, ತಲೆಯಿಂದಲೇ ಸಾಕಷ್ಟು ಶಾಖ ಸೋರಿಹೋಗುತ್ತದೆ. ಟೋಪಿ ಬೇಕು, ನಾವು ತೊಟ್ಟಿದ್ದಕ್ಕಿಂತ ಒಂದು ಪದರ ಹೆಚ್ಚು ಬೇಕು. ಒಂದು ಪದರ, ನಾಲ್ಕಲ್ಲ! ಏಪ್ರಿಲ್ ತಿಂಗಳ ಕಲಬುರಗಿಯಲ್ಲಿ, ಡಾಕ್ಟರೇ ಬೆವರು ಒರೆಸಿಕೊಳ್ಳುತ್ತಿರುವಾಗ, ಸ್ವೆಟರು, ಕಾಲುಚೀಲ, ಕೈಗವಸು, ಮೇಲೊಂದು ಕೌದಿ ಸುತ್ತಿದರೆ ಬೆವರುಸಾಲೆ ಏಳದೆ ಇನ್ನೇನು? ಚಳಿಯೋ ಸೆಕೆಯೋ ತಿಳಿಯಬೇಕಾದರೆ ಹೊಟ್ಟೆಯನ್ನೂ ಪಾದವನ್ನೂ ಮುಟ್ಟಿ ನೋಡಿದರಾಯಿತು. ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿ, ಹೇಳಿಕೊಡುತ್ತಾಳೆ. ಬಿಗಿಯಾಗಿ ಸುತ್ತುವುದೂ ಹಾಗೇ: ಕೈಗೆ ಸರಿ, ಕಾಲು ಮಾತ್ರ ಕಪ್ಪೆಗಾಲಾಗಿ ಮಡಚಿಕೊಳ್ಳಲು ಜಾಗ ಬೇಕು, ನೇರ ಎಳೆದು ಕಟ್ಟಿದರೆ ಸೊಂಟದ ಕೀಲಿಗೆ ಕೇಡು.

ಇನ್ನು ಮೊದಲೆರಡು ದಿನದ ಕಕ್ಕ. ಕಪ್ಪಗೆ, ಅಂಟಂಟಾಗಿ ಇರುವ ಅದು ತಗುಲಿದ ಬಿಳಿ ಜಬಲ ಮತ್ತೆ ಬಿಳಿಯಾದದ್ದನ್ನು ಕಂಡವರಿಲ್ಲ. ಅದಕ್ಕೇ ಹಳಬರು ಮುಂದೆ ಲಾಡಿ ಕಟ್ಟುವ ಜಬಲವನ್ನೂ ಹರಿದ ಪಂಚೆಯ ಲಂಗೋಟಿಯನ್ನೂ ನಂಬಿದ್ದು. ಕತ್ತು ನಿಲ್ಲದ ಕೂಸಿಗೆ ತಲೆಯ ಮೇಲಿಂದ ತೊಡಿಸುವ, ಬೆನ್ನಿಗೆ ಸಾಲಾಗಿ ಹದಿನಾಲ್ಕು ಗುಂಡಿಯಿರುವ ಫ್ರಾಕು ಹೊಲಿದ ಪುಣ್ಯಾತ್ಮ ಜನ್ಮದಲ್ಲಿ ಮಗುವನ್ನು ಎತ್ತಿಕೊಂಡಿರಲಾರ.

ಇಷ್ಟರ ಮೇಲೂ ಹಟ ಬಿಡದೆ ಮೂರನೇ ದಿನಕ್ಕೆ ಫೋಟೋದ ಉಡುಪು ತೆಗೆದಿಟ್ಟಿರುತ್ತಾರೆ. ಅವತ್ತೇ ಡಾಕ್ಟರು ಮಗುವನ್ನು ಕಿಟಕಿಯ ಬೆಳಕಿಗೆ ತರಿಸಿ, ಮೂಗಿನ ತುದಿ ಒತ್ತಿ ನೋಡಿ, ‘ಕಾಮಾಲೆ ಸ್ವಲ್ಪ ಜಾಸ್ತಿ ಇದೆ, ಲೈಟಿಗೆ ಹಾಕೋಣ’ ಅಂದುಬಿಡುತ್ತಾರೆ. ನೀಲಿ ದೀಪದ ಕೆಳಗೆ ಕೂಸು ಒಂದು ಡೈಪರು, ಕಣ್ಣಿಗೊಂದು ಪಟ್ಟಿ ಹಾಕಿಕೊಂಡು ಗೋವಾ ಬೀಚಿನಲ್ಲಿ ಮಲಗಿದವರ ಗತ್ತಿನಲ್ಲಿ ಮಲಗುತ್ತದೆ. ಈ ಚಿಕಿತ್ಸೆ ಸಿಕ್ಕಿದ್ದೇ ಬಟ್ಟೆಯ ದೆಸೆಯಿಂದ. 1956ರಲ್ಲಿ ಇಂಗ್ಲೆಂಡಿನ ರಾಚ್‌ಫರ್ಡ್ ಎಂಬಲ್ಲಿ ಸಿಸ್ಟರ್ ವಾರ್ಡ್ ಎಂಬ ದಾದಿ ದಿನ ತುಂಬುವ ಮುಂಚೆ ಹುಟ್ಟಿದ ಕೂಸುಗಳನ್ನು ಅಂಗಳದ ಬಿಸಿಲಿಗೆ ಒಯ್ಯುತ್ತಿದ್ದರು. ಒಂದು ದಿನ ಡಾಕ್ಟರಿಗೆ ಮಗು ತೋರಿಸುವಾಗ ಮೈಯೆಲ್ಲ ತಿಳಿಯಾಗಿದ್ದು ಒಂದು ತ್ರಿಕೋನ ಮಾತ್ರ ಹಳದಿಯಾಗೇ ಉಳಿದಿತ್ತು. ಹೊದಿಕೆಯ ಮೂಲೆ ಮುಚ್ಚಿದ್ದ ಜಾಗ ಅದು! ಬೆಳಕು ಬಿದ್ದಲ್ಲೆಲ್ಲ ಕಾಮಾಲೆ ಇಳಿದಿತ್ತು, ಬಟ್ಟೆ ಇದ್ದಲ್ಲಿ ಇಳಿದಿರಲಿಲ್ಲ. ಆ ಜಾಡು ಹಿಡಿದು ಎರಡು ವರ್ಷದಲ್ಲಿ ದೀಪದ ತೊಟ್ಟಿಲು ಬಂತು.

ಡಿಸ್ಚಾರ್ಜ್ ದಿನ ಸೂಟ್‌ಕೇಸು ಮುಕ್ಕಾಲುಪಾಲು ಮಡಿಕೆ ಬಿಚ್ಚದೆ ಮನೆಗೆ ಹೊರಡುತ್ತದೆ. ನಮ್ಮ ಸರ್ಕಾರ 2007ರಲ್ಲಿ ಬಡ ಬಾಣಂತಿಯರಿಗೆಂದು ತಂದ ‘ಮಡಿಲು’ ಕಿಟ್ ಇದಕ್ಕಿಂತ ಎಷ್ಟೋ ಸಣ್ಣದು. ಅದರಲ್ಲಿ ಕೂಸಿಗೆ ಟೋಪಿ, ಸ್ವೆಟರು, ಕಾಲುಚೀಲ ಇದ್ದವು. ಜೊತೆಗೆ ತಾಯಿಗೆ ಹೊಟ್ಟೆ ಕಟ್ಟುವ ಬಟ್ಟೆ, ಸೋಪು, ಕೊಬ್ಬರಿ ಎಣ್ಣೆ, ಬಾಚಣಿಗೆ. ಕಡತ ನೋಡುವ ಗುಮಾಸ್ತನಿಗೆ ಹೊಳೆದದ್ದು ಮನೆಮಂದಿಗೆ ಹೊಳೆಯುವುದಿಲ್ಲ. ಮೊನ್ನೆ ಬಾಣಂತಿ ನೋಡಲು ಹೋದಾಗ ಎರಡೂ ಕಡೆಯವರು ಮಂಚದ ಮೇಲೆ ಕೂಸಿನ ಬಟ್ಟೆ ಹರವಿಕೊಂಡು ವಾದಕ್ಕಿಳಿದಿದ್ದರು. ‘ಆಂಟೀ, ನಿಮ್ಮ ಮನೆ ಹತ್ತಿರ ತಾನೇ, ಒಂದು ನೈಟಿ ತಂದುಕೊಡ್ತೀರಾ?’ ಅಂತ ಹುಡುಗಿ ನನ್ನ ಕಿವಿಯಲ್ಲಿ ಕೇಳಿದಳು. ಅವಳಿಗೆಂದು ತಂದಿದ್ದದ್ದು ಒಂದೇ ನೈಟಿ, ಅದಕ್ಕೂ ಗುಂಡಿ ಹಿಂದುಗಡೆ.