ಗಾಳಿಗೂ ಬಾಡಿಗೆ

ಸಮುದ್ರ ದಾಟುವ ಸಾಮಾನಿನಲ್ಲಿ ಎರಡು ಜಾತಿ. ಬೇಕಾದದ್ದು ಸೂಟ್‌ಕೇಸಿನಲ್ಲಿ ನಮ್ಮ ಜೊತೆಗೇ ಬರುತ್ತದೆ: ಕಾಫಿಪುಡಿ, ಪಂಚಾಂಗ, ಇಡ್ಲಿ ತಟ್ಟೆ, ಮದುವೆಗೆ ಕೊಟ್ಟ ಸೀರೆ. ಬೇಡವಾದದ್ದು ಹಡಗಿನಲ್ಲಿ ಬರುತ್ತದೆ. ಯಾಕೆಂದರೆ ಅದನ್ನು ಬೇಡ ಎನ್ನುವ ಧೈರ್ಯ ಮನೆಯಲ್ಲಿ ಯಾರಿಗೂ ಇರುವುದಿಲ್ಲ. ಮೆಲ್ಬರ್ನಿನ ಕನ್ನಡಿಗರ ಮನೆಗಳಲ್ಲಿ ಹುಡುಕಿದರೆ ಹಾಲಿನ ಮೂಲೆಯಲ್ಲೋ ಗ್ಯಾರೇಜಿನಲ್ಲೋ ಇಂಥದ್ದೊಂದು ಸಿಕ್ಕೇ ಸಿಗುತ್ತದೆ. ಯಾರದೋ ಮುತ್ತಾತನ ಬರೆಯುವ ಮೇಜು, ಅದರ ಮೇಲೆ ವೈಫೈ ರೂಟರು.

ನಮ್ಮ ಮನೆಗೆ ಬಂದದ್ದು ತೂಗುಮಂಚ.

ಅತ್ತೆಯವರು ಮೈಸೂರಿನ ಸರಸ್ವತಿಪುರಂ ಮನೆ ಬಿಟ್ಟು ಬೆಂಗಳೂರಿಗೆ, ಮಗನ ಫ್ಲ್ಯಾಟಿಗೆ ಹೋಗುವುದೆಂದು ತೀರ್ಮಾನವಾಯಿತು. ಬಾಮೈದನ ಫ್ಲ್ಯಾಟಿರುವುದು ಒಂಬತ್ತನೇ ಮಹಡಿಯಲ್ಲಿ. ಅಲ್ಲಿಗೆ ಗಾಳಿ ಬೆಳಕು ಧಾರಾಳವಾಗಿ ಬರುತ್ತವೆ, ಸಾಮಾನು ಬರುವುದಿಲ್ಲ, ಲಿಫ್ಟು ಚಿಕ್ಕದು. "ಭಾವ, ಹಳೇ ಮರದ ಸಾಮಾನೆಲ್ಲ ಅಕ್ಕನಿಗೇ ಇರ್ಲಿ. ಅವಳಿಗೆ ಅದರ ಮೇಲೆ ಸೆಂಟಿಮೆಂಟು ಜಾಸ್ತಿ" ಎಂದು ಫೋನಿನಲ್ಲಿ ಉದಾರವಾಗಿ ಹೇಳಿದ. ಭಾಗದ ಮಾತಿನಲ್ಲಿ ತಮ್ಮ ಇಷ್ಟು ಧಾರಾಳಿಯಾದರೆ ಅಕ್ಕನ ಗಂಡ ಎಚ್ಚರಗೊಳ್ಳಬೇಕು.

"ಏನ್ರೀ, ಆ ತೂಗುಮಂಚದ ಮೇಲೇ ಕೂತು ನಾನು ಎಸ್ಸೆಸ್ಸೆಲ್ಸಿಗೆ ಓದಿದ್ದು" ಎಂದಳು ಹೆಂಡತಿ. ಅವಳ ಅಂಕಪಟ್ಟಿ ನೋಡಿದವನಿಗೆ ಓದಿದ್ದಕ್ಕಿಂತ ತೂಗಿದ್ದೇ ಹೆಚ್ಚೆಂದು ಗೊತ್ತು. ಸುಮ್ಮನಿದ್ದೆ.

ಸಾಗಣೆ ಕಂಪನಿಯ ಹುಡುಗ ಟೇಪು ಹಿಡಿದು ಬಂದದ್ದನ್ನು ನಾವು ವಿಡಿಯೋ ಕಾಲಿನಲ್ಲಿ ನೋಡಿದೆವು. ಇಪ್ಪತ್ತಡಿಯ ಕಂಟೇನರಿನಲ್ಲಿ ಸುಮಾರು 33 ಘನ ಮೀಟರ್ ಜಾಗವಿರುತ್ತದೆ. ಅಷ್ಟು ಸಾಮಾನಿಲ್ಲದವರು ನಾಲ್ಕಾರು ಮನೆಯವರ ಜೊತೆ ಒಂದೇ ಕಂಟೇನರಿನಲ್ಲಿ ಕಳಿಸಬಹುದು. ಆಗ ಲೆಕ್ಕವೆಲ್ಲ ಘನ ಮೀಟರಿನದು, ಅವರ ಬಾಯಲ್ಲಿ ಸಿಬಿಎಂ. ಒಂದು ಸಿಬಿಎಂ ಜಾಗದಲ್ಲಿ ಒಂದು ಟನ್ ಮೀರದಂತೆ ಏನು ತುಂಬಿದರೂ ಬಾಡಿಗೆ ಅಷ್ಟೇ. ಏನೂ ತುಂಬದಿದ್ದರೂ ಅಷ್ಟೇ.

ಈ ಮಾತು ಅತ್ತೆಯವರ ಕಿವಿಗೆ ಬೀಳಬಾರದಿತ್ತು. ವಿಮಾನದವರ ಕಿಲೋ ಲೆಕ್ಕಕ್ಕೆ ಹೆದರಿ, ಉಪ್ಪಿನಕಾಯಿ ಜಾಡಿಯನ್ನು ತಕ್ಕಡಿಯಿಂದ ಇಳಿಸಿ ಇಳಿಸಿ ನೊಂದ ಜೀವ ಅದು.

"ಅಂದ್ರೆ ಭಾರಕ್ಕೆ ದುಡ್ಡಿಲ್ಲ, ಜಾಗಕ್ಕೆ ಮಾತ್ರ ದುಡ್ಡು ಅಂತಾಯ್ತು?"

"ಹೌದಮ್ಮ."

"ಬೀರು ಒಳಗೆ ಖಾಲಿ ಇದ್ರೆ, ಆ ಗಾಳಿಗೂ ಬಾಡಿಗೆ ಕೊಡ್ಬೇಕಾ?"

"ಕೊಡ್ಬೇಕಮ್ಮ."

ಅಂದಿನಿಂದ ಸರಸ್ವತಿಪುರಂನಲ್ಲಿ ಗಾಳಿಯ ವಿರುದ್ಧ ಸಮರ ಶುರುವಾಯಿತು. ಮೊದಲು ಒರಳುಕಲ್ಲು ಪಟ್ಟಿಗೆ ಸೇರಿತು. ಅಷ್ಟು ಕಡಿಮೆ ಜಾಗದಲ್ಲಿ ಅಷ್ಟು ಭಾರ ಕೊಡುವ ವಸ್ತು ಮನೆಯಲ್ಲಿ ಇನ್ನೊಂದಿರಲಿಲ್ಲ. ತಾಮ್ರದ ಹಂಡೆಯೊಳಗೆ ಕೊಳಗ, ಕೊಳಗದೊಳಗೆ ತಪ್ಪಲೆ, ತಪ್ಪಲೆಯೊಳಗೆ ಚೊಂಬು, ಚೊಂಬಿನೊಳಗೆ ಪಂಚಪಾತ್ರೆ, ಪಂಚಪಾತ್ರೆಯೊಳಗೆ ಉದ್ಧರಣೆ. ಆ ಉದ್ಧರಣೆಯ ಕುಳಿಯೊಂದು ಖಾಲಿ ಹೋಯಿತಲ್ಲ ಎಂಬ ಕೊರಗು ಅವರಿಗೆ ಇಂದಿಗೂ ಇದೆ. ಮನೆಯವರೇ ಕಟ್ಟಿದ ಪೆಟ್ಟಿಗೆಗಳಿಗೆ ಸಾಗಣೆಯವರು ಪಟ್ಟಿಯಲ್ಲಿ 'ಪಿಬಿಓ' ಎಂದು ಗುರುತು ಹಾಕುತ್ತಾರೆ. ಅಂಥವು ಒಳಗೆ ಒಡೆದರೆ ವಿಮೆಯವರು ಸಾಮಾನ್ಯವಾಗಿ ಜವಾಬ್ದಾರಿ ಹೊರುವುದಿಲ್ಲ. "ಒರಳುಕಲ್ಲು ಒಡೆಯೋದುಂಟೇನಪ್ಪಾ" ಎಂದು ಅತ್ತೆಯವರು ನಗುತ್ತ ರುಜು ಹಾಕಿದರು.

ಬೀಟೆ ಮರದ ಆರಾಮಕುರ್ಚಿಯ ಸರದಿ ಬಂದಾಗ ಹುಡುಗ ಟೇಪು ಮಡಚಿದ. 2017ರ ಜನವರಿಯಿಂದ ಬೀಟೆಯ ಕುಲದ ಮರಗಳೆಲ್ಲ ಅಳಿವಿನಂಚಿನ ಜೀವಿಗಳ ವ್ಯಾಪಾರ ನಿಯಂತ್ರಿಸುವ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿವೆ. ಹತ್ತು ಕಿಲೋದೊಳಗಿನ ಸಣ್ಣಪುಟ್ಟ ಸಾಮಾನಿಗೆ ವಿನಾಯಿತಿಯುಂಟು. ಮಾವನವರು ಮಧ್ಯಾಹ್ನ ಊಟವಾದ ಮೇಲೆ ಕಾಲು ಚಾಚಿ ಗೊರಕೆ ಹೊಡೆಯುತ್ತಿದ್ದ ಆ ಕುರ್ಚಿಯನ್ನು ಸಣ್ಣಪುಟ್ಟದೆಂದು ಯಾರೂ ಒಪ್ಪುವುದಿಲ್ಲ. "ಪರ್ಮಿಟ್ ಮಾಡಿಸ್ಬೇಕು ಸಾರ್" ಎಂದ. ಕುರ್ಚಿ ಅಂತರರಾಷ್ಟ್ರೀಯ ಮಟ್ಟದ್ದು ಎಂದು ತಿಳಿದದ್ದೇ ಬಾಮೈದನ ಒಂಬತ್ತನೇ ಮಹಡಿಯಲ್ಲಿ ಜಾಗ ಹುಟ್ಟಿಕೊಂಡಿತು. ಬಾಲ್ಕನಿಯ ತುಳಸಿ ಕುಂಡ ಸರಿಸಿ ಕುರ್ಚಿ ಹಾಕಿಸಿಕೊಂಡ. ಲಿಫ್ಟಿಗೆ ಹಿಡಿಸದ್ದು ಮೆಟ್ಟಿಲಿನಲ್ಲಿ ಹತ್ತಿತಂತೆ.

ಹಲಸಿನ ಮರದ ತೂಗುಮಂಚಕ್ಕೆ ಆ ತೊಡಕಿರಲಿಲ್ಲ. ಅದಕ್ಕೊಂದು ಮರದ ಕ್ರೇಟು ಹೊಡೆದರು. ದೇಶದಿಂದ ದೇಶಕ್ಕೆ ಹೋಗುವ ಪ್ಯಾಕಿಂಗ್ ಮರವನ್ನು ತಿರುಳಿನವರೆಗೂ 56 ಡಿಗ್ರಿ ಸೆಲ್ಸಿಯಸ್ ಬಿಸಿ ಮುಟ್ಟುವಂತೆ ಮೂವತ್ತು ನಿಮಿಷ ಕಾಯಿಸಿ, ಗೋಧಿ ತೆನೆಯ ಗುರುತಿರುವ ಮುದ್ರೆ ಒತ್ತುವುದು ರೂಢಿಯಲ್ಲಿರುವ ಒಂದು ವಿಧಾನ. ಹುಳು ಹುಪ್ಪಟೆ ಗಡಿ ದಾಟದಿರಲಿ ಎಂದು. ಹೀಗಾಗಿ ಮೂರು ತಲೆಮಾರಿನ ಮಂಚಕ್ಕೆ ಯಾವ ಕಾಗದವೂ ಇರಲಿಲ್ಲ, ನಿನ್ನೆ ಹುಟ್ಟಿದ ಕ್ರೇಟಿಗೆ ಪಾಸ್‌ಪೋರ್ಟ್ ಇತ್ತು.

ಬೆಂಗಳೂರಿಗೆ ಸಮುದ್ರವಿಲ್ಲದಿದ್ದರೂ ವೈಟ್‌ಫೀಲ್ಡಿನಲ್ಲಿ ಒಣ ಬಂದರಿದೆ. ಅಲ್ಲಿಂದ ಕಂಟೇನರು ರೈಲಿನಲ್ಲಿ ಚೆನ್ನೈಗೆ, ಚೆನ್ನೈನಿಂದ ಹಡಗಿನಲ್ಲಿ ಸಿಂಗಪುರಕ್ಕೆ, ಅಲ್ಲಿ ಹಡಗು ಬದಲಿಸಿ ಮೆಲ್ಬರ್ನಿಗೆ. 1956ರಲ್ಲಿ ಮಾಲ್ಕಮ್ ಮೆಕ್ಲೀನ್ ಎಂಬ ಅಮೆರಿಕದ ಲಾರಿ ಮಾಲೀಕ 58 ಪೆಟ್ಟಿಗೆಗಳನ್ನು ಒಂದು ಹಡಗಿಗೇರಿಸಿ ನ್ಯೂವಾರ್ಕಿನಿಂದ ಹ್ಯೂಸ್ಟನ್ನಿಗೆ ಕಳಿಸಿದಾಗಿನಿಂದ ಪೆಟ್ಟಿಗೆಯ ಹೊರಗಿನ ತಾಪತ್ರಯಗಳು ಬಹುಪಾಲು ಬಗೆಹರಿದಿವೆ. ಒಳಗಿನವು ಆಯಾ ಮನೆಯವರಿಗೆ ಬಿಟ್ಟದ್ದು.

"ಎಲ್ಲಿಗೆ ಬಂತಂತೆ?" ಎಂದು ಅತ್ತೆಯವರು ದಿನಾ ಕೇಳುವರು. ಹೆಂಡತಿ ಮೊಬೈಲಿನಲ್ಲಿ ಹಡಗಿನ ಚುಕ್ಕೆ ನೋಡಿ, "ಸಿಂಗಪುರದಲ್ಲಿ ನಿಂತಿದೆ ಅಮ್ಮಾ" ಎಂದಳು.

"ಅಲ್ಲಿ ನಮ್ಮ ದೊಡ್ಡಕ್ಕನ ಮೊಮ್ಮಗ ಇದಾನಲ್ಲೇ. ಒಂದು ಗಳಿಗೆ ಹೋಗಿ ನೋಡ್ಕೊಂಡು ಬಾ ಅಂತ ಹೇಳ್ಲಾ?"

ಹಡಗು ಇಲ್ಲಿಗೆ ಮುಟ್ಟುವ ಮುಂಚೆ ಕಸ್ಟಮ್ಸಿನ ಅರ್ಜಿ ತುಂಬಬೇಕಿತ್ತು. ಹೊರದೇಶದಲ್ಲಿ ಸ್ವಂತಕ್ಕೆ ವರ್ಷಕ್ಕೂ ಮೇಲ್ಪಟ್ಟು ಬಳಸಿ, ನೆಲೆಸಲು ಬರುವಾಗ ತರುವ ಸಾಮಾನಿಗೆ ಸುಂಕ ಮಾಫಿ. ನಾವು ಬಂದು ನೆಲೆಸಿ ಎಷ್ಟೋ ಕಾಲವಾಗಿತ್ತು. ನಮ್ಮದಕ್ಕೆ ಬೆಲೆ ನಮೂದಿಸಬೇಕು. "ಅದಕ್ಕೆ ಬೆಲೆ ಕಟ್ಟೋಕಾಗುತ್ತೇನ್ರೀ?" ಎಂದು ಹೆಂಡತಿಯ ಕಣ್ಣು ತುಂಬಿತು. ಈ ಮಾತನ್ನು ಕಸ್ಟಮ್ಸ್ ಏಜೆಂಟನ ಮುಂದೆ ಮಾತ್ರ ಆಡಬೇಡವೆಂದು ಕೈ ಮುಗಿದೆ. ಇಲ್ಲಿ ಜಿಎಸ್‌ಟಿ ಹತ್ತು ಪರ್ಸೆಂಟ್. ಬೆಲೆ ಕಟ್ಟಲಾಗದ್ದರ ಹತ್ತು ಪರ್ಸೆಂಟನ್ನು ಕಟ್ಟಬೇಕಾದವನು ನಾನು. ವಿಮೆಯ ಕಾಗದದಲ್ಲಿ ಬೇಕಾದರೆ ಭಾವನೆಗೆ ತಕ್ಕ ಬೆಲೆ ಬರೆಸೋಣ ಎಂದಳು. ಎರಡೂ ಕಾಗದ ಒಂದೇ ಫೈಲಿನಲ್ಲಿರುತ್ತವೆ ಎಂದು ಏಜೆಂಟ್ ಕೆಮ್ಮಿದ. ಮಂಚದ ಬೆಲೆ ಹಲಸಿನ ಹಲಗೆಯ ಮಟ್ಟಕ್ಕೆ ಇಳಿಯಿತು.

ಆಮೇಲೆ ಬಂದದ್ದು ಜೈವಿಕ ಸುರಕ್ಷತೆಯವರ ಇಮೇಲು, ಫೋಟೋಗಳ ಸಮೇತ. ಮೊದಲ ಫೋಟೋದಲ್ಲಿ ಮಂಚದ ಅಡಿಭಾಗಕ್ಕೆ ಕಪ್ಪು ದಾರದಲ್ಲಿ ಕಟ್ಟಿದ್ದ ಒಂದು ನಿಂಬೆಹಣ್ಣು, ಸಾಲಾಗಿ ಮೆಣಸಿನಕಾಯಿ. ಪಕ್ಕದಲ್ಲಿ ಅಳತೆಗೆ ಸ್ಕೇಲು ಇಟ್ಟಿದ್ದರು. ದಾರಿಯಲ್ಲಿ ಯಾರ ದೃಷ್ಟಿಯೂ ತಾಗದಿರಲಿ ಎಂದು ಅತ್ತೆಯವರು ಕಟ್ಟಿದ್ದರಿಂದಲೇ ಇಡೀ ಆಸ್ಟ್ರೇಲಿಯಾ ಸರ್ಕಾರದ ದೃಷ್ಟಿ ಮಂಚದ ಮೇಲೆ ಬಿತ್ತು. ಎರಡನೇ ಫೋಟೋ ಬೀರುವಿನದು. ಗಾಳಿಯ ಜಾಗದಲ್ಲೆಲ್ಲ ಕೊತ್ತಂಬರಿ ಬೀಜ, ಜೀರಿಗೆ, ಅಕ್ಕಿ. ಇವೇ ಖಾಪ್ರಾ ಎಂಬ ಜೀರುಂಡೆಯ ಇಷ್ಟಭೋಜನ. ಅದರ ಮರಿಹುಳು ಆಹಾರವಿಲ್ಲದೆ ವರ್ಷಗಟ್ಟಲೆ ಸಂದಿಯಲ್ಲಿ ಅಡಗಿರಬಲ್ಲದು. ಹಾಗಾಗಿ ಇಂಥ ಧಾನ್ಯಗಳು ಮನೆಸಾಮಾನಿನ ಜೊತೆ ಬರುವಂತೆಯೇ ಇಲ್ಲ. ಎಲ್ಲ ಬೂದಿಯಾಯಿತು. ಮೂರನೇ ಫೋಟೋದಲ್ಲಿ ಮಂಚದ ಕಾಲುಪಟ್ಟಿಯ ಮೇಲೆ ಸೂಜಿಮೊನೆಯಷ್ಟು ರಂಧ್ರಗಳು, ಸುತ್ತ ಹಿಟ್ಟಿನಂಥ ಹುಡಿ. ಒಳಗೆ ಯಾರೋ ವಾಸವಿದ್ದಾರೆ ಎಂದರ್ಥ.

ಮೀಥೈಲ್ ಬ್ರೋಮೈಡ್ ಹೊಗೆ ಹಾಕಿಸಬೇಕೆಂದರು, ಖರ್ಚು ನಮ್ಮದು. ಓಝೋನ್ ಪದರಕ್ಕೆ ಕೇಡೆಂದು ಮಾಂಟ್ರಿಯಲ್ ಒಪ್ಪಂದ ಹೊಲಗದ್ದೆಗಳಿಂದ ಹೊರಗಟ್ಟಿರುವ ಅನಿಲವದು. ಕ್ವಾರಂಟೈನಿಗೆ ಮಾತ್ರ ರಿಯಾಯಿತಿ. ಹವಾಮಾನ ಉಳಿಸುವ ಮೆರವಣಿಗೆಗಳಲ್ಲಿ ಫಲಕ ಹಿಡಿಯುವ ಮಗಳು, "ಅಪ್ಪಾ, ಒಂದು ಉಯ್ಯಾಲೆಗೋಸ್ಕರ ಓಝೋನಾ?" ಎಂದು ಬಾಗಿಲು ಹಾಕಿಕೊಂಡಳು.

ಅಂತೂ ಮಂಚ ಮನೆಗೆ ಬಂತು. ತೂಗುಹಾಕಲು ಕರೆಸಿದ ಬಡಗಿ ಸೂರನ್ನು ಬೆರಳಲ್ಲಿ ಟಕಟಕ ಬಡಿದು ನೋಡಿದ. ಇಲ್ಲಿನ ಮನೆಗಳ ಸೂರೆಂದರೆ ಬೆರಳಗಲವೂ ಇಲ್ಲದ ಪ್ಲಾಸ್ಟರ್ ಹಲಗೆ, ಅದರ ಮೇಲೆ ಪೈನ್ ಮರದ ತೆಳ್ಳನೆಯ ಪಟ್ಟಿಗಳು. ಮೈಸೂರಿನಲ್ಲಿ ಇಡೀ ಸಂಸಾರವನ್ನು ಹೊತ್ತ ತೊಲೆ ಇಲ್ಲೆಲ್ಲಿ? ಮಂಚ ತೂಗಿದರೆ ಮನೆಯೂ ತೂಗೀತು, ಎಂಜಿನಿಯರನ್ನು ಕೇಳಿ ಎಂದು ಹೇಳಿ, ಬಂದದ್ದಕ್ಕೆ ಚಾರ್ಜು ಮಾಡಿ ಹೋದ. ಕೊನೆಗೆ ಉಕ್ಕಿನ ಚೌಕಟ್ಟೊಂದನ್ನು ಮಾಡಿಸಿದೆವು. ಅದು ಯಾವ ಕೋಣೆಗೂ ಹಿಡಿಸದೆ ಗ್ಯಾರೇಜಿನಲ್ಲಿ ನೆಲೆಯೂರಿತು. ಮೆಲ್ಬರ್ನಿನ ಆಲಿಕಲ್ಲು ಮಳೆಗೆ ಕಾರು ಹೊರಗೆ ನಿಂತು ಮೈಯೊಡ್ಡಿತು.

ಹಬ್ಬಕ್ಕೆ ಬಂದ ಗೆಳೆಯರೆಲ್ಲ ಗ್ಯಾರೇಜಿನಲ್ಲಿ ಕೂತು ತೂಗಿ, "ಏನೇ ಹೇಳಿ, ಹಳೇ ಕಾಲದ ಮರ ಹಳೇ ಕಾಲದ್ದೇ" ಎಂದು ಹೊಗಳಿ ಹೋದರು. ಹೆಂಡತಿ ಗೆದ್ದ ಮುಖ ಹೊತ್ತು ಕೋಸಂಬರಿ ಬಡಿಸಿದಳು. ಆ ರಾತ್ರಿಯೇ ಬಾಮೈದನ ಫೋನು.

"ಭಾವ, ಒಳ್ಳೇ ಸುದ್ದಿ. ನಮ್ಮ ಆಫೀಸಿನವರೊಬ್ಬರು ಆ ಬೀಟೆ ಕುರ್ಚಿಗೆ ಪರ್ಮಿಟ್ ಮಾಡಿಸಿಕೊಡ್ತಾರಂತೆ. ಬಾಲ್ಕನಿಯಲ್ಲಿ ವಾಷಿಂಗ್ ಮೆಷಿನ್ ಇಡ್ಬೇಕು ಅಂತ ಇವಳು ಹಠ ಹಿಡಿದಿದಾಳೆ. ಅಕ್ಕನಿಗೆ ಅದರ ಮೇಲೆ ಸೆಂಟಿಮೆಂಟು..."

ಜಾಗವಿಲ್ಲ ಎನ್ನಲು ಬಾಯಿ ತೆರೆದು ತಿರುಗಿದೆ. ಹೆಂಡತಿ ಆಗಲೇ ಟೇಪು ಹಿಡಿದು ಗ್ಯಾರೇಜಿನಲ್ಲಿದ್ದಳು.

"ಕಾರು ಹೇಗೂ ಹೊರಗೇ ಇದೆಯಲ್ರೀ!"