ಇತ್ತಪ್ಪನವರು

ಸ್ಟಾಕ್‌ಹೋಮಿಗೆ ಹೊಸದಾಗಿ ಬಂದ ಕನ್ನಡದ ಹುಡುಗರು ಇತ್ತಪ್ಪನವರ ಹತ್ತಿರ ಒಂದೇ ಒಂದು ಸಲ ದಾರಿ ಕೇಳುತ್ತಾರೆ. ಎರಡನೆಯ ಸಲ ಗೂಗಲ್ಲನ್ನು ಕೇಳುತ್ತಾರೆ.

ಹೋದ ಚಳಿಗಾಲದಲ್ಲಿ ಒಬ್ಬ ಹುಡುಗ ಹೋಟೊರ್ಯೆಟ್ ಚೌಕದ ತರಕಾರಿ ಸಂತೆಗೆ ಹೋಗುವುದು ಹೇಗೆ ಎಂದು ಇವರಿಗೆ ಫೋನು ಮಾಡಿದ. "ಬಹಳ ಸುಲಭ. ಮೆಟ್ರೋ ಇಳಿದು ಮೇಲಕ್ಕೆ ಬಾ. ಅಲ್ಲೇ ಎದುರಿಗೆ ಪುಬ್ ಅಂತ ಒಂದು ದೊಡ್ಡ ಅಂಗಡಿ ಇತ್ತಪ್ಪಾ, ಅದರ ಮುಂದೇನೇ ಸಂತೆ." ಹುಡುಗನ ಕಿವಿಗೆ ಅದು ಪಬ್ ಎಂದು ಬಿತ್ತು. ಪಾಪ, ಹಿಮದಲ್ಲಿ ನಿಂತು ಪಬ್ ಹುಡುಕಿದ. ಪುಬ್ ಎಂಬ ಆ ಹಳೆಯ ಮಳಿಗೆ ಮುಚ್ಚಿ, 2016ರಿಂದ ಆ ಕಟ್ಟಡದಲ್ಲಿ ಹೋಟೆಲು ನಡೆಯುತ್ತಿದೆ. ಮತ್ತೆ ಫೋನು ಮಾಡಿದರೆ ಇವರು ಇನ್ನೂ ಪಕ್ಕಾ ಗುರುತು ಕೊಟ್ಟರು: "1917ರಲ್ಲಿ ಲೆನಿನ್ನು ರಷ್ಯಕ್ಕೆ ಹೋಗ್ತಾ ಸೂಟು ಕೊಂಡನಲ್ಲ, ಅದೇ ಅಂಗಡಿ. ಗ್ರೇಟಾ ಗಾರ್ಬೋ ಸಿನಿಮಾಕ್ಕೆ ಹೋಗೋ ಮುಂಚೆ ಅಲ್ಲೇ ಟೋಪಿ ಮಾರ್ತಿದ್ದಳು. ಯಾರನ್ನ ಕೇಳಿದ್ರೂ ಹೇಳ್ತಾರೆ." ಹುಡುಗ ತರಕಾರಿ ಕೊಳ್ಳದೆ ಮನೆಗೆ ಹೋಗಿ ಮ್ಯಾಗಿ ಮಾಡಿಕೊಂಡ.

ಅಪ್ಪ ಅಮ್ಮ ಇಟ್ಟ ಹೆಸರು ಅವರ ಪಾಸ್‌ಪೋರ್ಟಿನಲ್ಲಿದೆ, ತೆರಿಗೆ ಇಲಾಖೆಯ ಕಡತದಲ್ಲಿದೆ. ಕನ್ನಡದವರ ನಡುವೆ ಅದು ಓಡಾಡುವುದಿಲ್ಲ. ಮಾತಿಗೆ ಮುಂಚೆ "ಅಲ್ಲೊಂದು ಇತ್ತಪ್ಪಾ" ಎನ್ನುತ್ತಿದ್ದವರನ್ನು ಯುಗಾದಿ ಊಟದ ಪಂಕ್ತಿಯಲ್ಲಿ ಯಾರೋ ಮಕ್ಕಳು ಇತ್ತಪ್ಪ ಎಂದರು. ಎಲ್ಲಪ್ಪ, ಸಿದ್ದಪ್ಪ, ಕರಿಯಪ್ಪ ಇರುವ ನಾಡಿನವರಿಗೆ ಇನ್ನೊಬ್ಬ ಅಪ್ಪ ಭಾರವಾಗಲಿಲ್ಲ. ಇವರ ತಳಿ ಲಂಡನ್ನಿನಲ್ಲಿದೆ, ನ್ಯೂಜೆರ್ಸಿಯಲ್ಲಿದೆ, ಮಲ್ಲೇಶ್ವರದಲ್ಲೇ ಮೂರು ಕ್ರಾಸಿಗೊಬ್ಬರಂತೆ ಇದೆ. ನಮ್ಮ ಪಾಲಿಗೆ ಬಂದವರು ತೊಂಬತ್ತರ ದಶಕದ ಕೊನೆಯಲ್ಲಿ, ಮೊಬೈಲ್ ಫೋನಿನ ಸುಗ್ಗಿಯ ಕಾಲಕ್ಕೆ ಇಲ್ಲಿಗೆ ಬಂದು ನೆಲೆಸಿದವರು. ಕೈಯಲ್ಲಿ ಎಚ್‌ಎಂಟಿ ಗಡಿಯಾರ. ಅದಕ್ಕೆ ದಿನಾ ಬೆಳಿಗ್ಗೆ ಕೀಲಿ ಕೊಡುತ್ತಾರೆ, ಆದರೆ ಮುಳ್ಳುಗಳನ್ನು ಬೆಂಗಳೂರಿನ ಹೊತ್ತಿನಿಂದ ಅಲುಗಿಸಿಲ್ಲ. ಗಂಟೆ ಎಷ್ಟು ಎಂದು ಕೇಳಿದವರು ಬೇಸಿಗೆಯಲ್ಲಾದರೆ ಮೂರೂವರೆ, ಚಳಿಗಾಲದಲ್ಲಾದರೆ ನಾಲ್ಕೂವರೆ ತಾಸು ಕಳೆದುಕೊಳ್ಳಬೇಕು.

ತಪ್ಪೆಲ್ಲ ಅವರದೇ ಎಂದರೆ ಅನ್ಯಾಯವಾದೀತು. ಅವರು ದಾರಿ ಹೇಳುವುದನ್ನು ಕಲಿತದ್ದು ಬೆಂಗಳೂರಿನಲ್ಲಿ. ಮೆಜೆಸ್ಟಿಕ್ ಟಾಕೀಸು ಮಣ್ಣಾಗಿ ಎಷ್ಟೋ ಕಾಲವಾಯಿತು. ಜನ ಇವತ್ತಿಗೂ ಮೆಜೆಸ್ಟಿಕ್‌ನಲ್ಲೇ ಇಳಿಯುತ್ತಾರೆ. ಸ್ವಸ್ತಿಕ್ ಟಾಕೀಸು ಇಲ್ಲ, ಸ್ವಸ್ತಿಕ್ ಎಂದರೆ ಆಟೋದವರಿಗೆ ಗೊತ್ತು. ಬಿನ್ನಿ ಮಿಲ್ಲಿನ ಸೈರನ್ನು ನಿಂತು ಹೋಗಿದೆ, ಬಿನ್ನಿಪೇಟೆ ಇದೆ. ಕೆಂಪೇಗೌಡ ಬಸ್ ನಿಲ್ದಾಣ ಕೂತಿರುವುದು ಧರ್ಮಾಂಬುಧಿ ಕೆರೆಯಲ್ಲಿ, ಕಂಠೀರವ ಕ್ರೀಡಾಂಗಣ ಸಂಪಂಗಿ ಕೆರೆಯಲ್ಲಿ, ಹಾಕಿ ಮೈದಾನ ಅಕ್ಕಿತಿಮ್ಮನಹಳ್ಳಿ ಕೆರೆಯಲ್ಲಿ. ಜೋರು ಮಳೆ ಬಂದ ರಾತ್ರಿ ಕೆರೆಗಳೂ ಹಳೆಯ ವಿಳಾಸ ನೆನಪಿಸಿಕೊಂಡು ಊರೊಳಗೆ ಬರುತ್ತವೆ. ಇಂಥ ಊರಲ್ಲಿ ಹುಟ್ಟಿದವನಿಗೆ 'ಇದೆ' ಎನ್ನುವುದರ ಮೇಲೆ ನಂಬಿಕೆ ಬರುವುದಾದರೂ ಹೇಗೆ?

ಆದ್ದರಿಂದ ಅವರ ಮನೆಗೆ ಕಾಫಿಗೆ ಹೋದರೆ ಲೋಟ ಕೈಗೆ ಬರುವ ಮುಂಚೆ ಪಟ್ಟಿ ಶುರುವಾಗುತ್ತದೆ. ಪ್ಲಾಜಾ, ಲಿಡೋ, ಗ್ಯಾಲಕ್ಸಿ. 1968ರಲ್ಲಿ ತೆರೆದ ಆ ಮಹಾ ಕಪಾಲಿ. 2018ರ ಕೊನೆಗೆ ಬಾಗಿಲು ಹಾಕಿದ ರೆಕ್ಸ್. ರೆಸಿಡೆನ್ಸಿ ರೋಡಿನ ವಿಕ್ಟೋರಿಯಾ ಹೋಟೆಲು. 2009ರಲ್ಲಿ ಎಂ.ಜಿ. ರೋಡು ಬಿಟ್ಟ ಕಾಫಿ ಹೌಸು, ಅದೇ ವರ್ಷ ಮುಚ್ಚಿದ ಶಾನಭಾಗರ ಪ್ರೀಮಿಯರ್ ಪುಸ್ತಕದಂಗಡಿ. ಶ್ರಾದ್ಧದಲ್ಲಿ ಪುರೋಹಿತರು ಪಿತೃಗಳ ಹೆಸರು ಹೇಳಿಸುವ ಹಾಗೆ ಒಂದೊಂದಕ್ಕೂ ನಿಲ್ಲಿಸಿ, ಉಸಿರು ತೆಗೆದುಕೊಂಡು ಮುಂದಕ್ಕೆ ಹೋಗುತ್ತಾರೆ.

ಅಡುಗೆಮನೆಯಿಂದ ಅವರ ಹೆಂಡತಿ ಪ್ರತಿವಾದಿಯ ಸಾಕ್ಷಿಯಾಗಿ ಹೊರಬರುವುದು ಆಗ.

ಮಲ್ಲೇಶ್ವರದ ಸಂಪಿಗೆ ರಸ್ತೆಯ ನ್ಯೂ ಕೃಷ್ಣ ಭವನ 1954ರಿಂದ ನಡೆದು 2023ರ ಡಿಸೆಂಬರಿನಲ್ಲಿ ಮುಚ್ಚಿತು. ಸುದ್ದಿ ವಾಟ್ಸಾಪಿನಲ್ಲಿ ಬಂದ ರಾತ್ರಿ ಇತ್ತಪ್ಪನವರು ಊಟ ಬಿಟ್ಟರು. ಸಂಕ್ರಾಂತಿಗೆ ಎಳ್ಳು ಬೀರಲು ಹೋದ ನಮಗೆ ಅಲ್ಲಿನ ಬಟನ್ ಇಡ್ಲಿ, ಹಸಿರು ಮಸಾಲೆ ಇಡ್ಲಿಗಳನ್ನು ಎಂಥ ವಿವರದಲ್ಲಿ ಬಣ್ಣಿಸಿದರೆಂದರೆ ನನಗೆ ನಿಜಕ್ಕೂ ಹಸಿವಾಯಿತು. ಆ ತಾಯಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೇಳಿದರು: "ಮದುವೆಯಾದ ಹೊಸದರಲ್ಲಿ ಆ ಹೋಟ್ಲು ಮುಂದೆ ನಿಂತು, ರೀ ಒಂದು ದೋಸೆ ತಿನ್ನೋಣ ಅಂದೆ. ಮನೇಲಿ ಅವಲಕ್ಕಿ ಇದೆಯಲ್ಲ ಅಂತ ಕೈ ಹಿಡ್ಕೊಂಡು ಎಳ್ಕೊಂಡು ಹೋದ್ರು. ಮಲ್ಲೇಶ್ವರದಲ್ಲಿ ಇವರು ನನ್ನ ಕೈ ಹಿಡಿದದ್ದು ಅದೊಂದೇ ಸಲ."

ಪ್ರೀಮಿಯರ್‌ನ ವಿಷಯವೂ ಹೀಗೇ. ಕುತ್ತಿಗೆಮಟ್ಟ ಪೇರಿಸಿದ್ದ ಪುಸ್ತಕಗಳಲ್ಲಿ ಯಾವುದು ಎಲ್ಲಿದೆ ಎಂದು ಶಾನಭಾಗರಿಗೆ ಕಣ್ಣು ಮುಚ್ಚಿದರೂ ಗೊತ್ತಿತ್ತು ಎಂದು ಇತ್ತಪ್ಪನವರು ಹೇಳಿದರೆ ಕೇಳಬೇಕು. ಅಲ್ಲಿಂದ ಬಂದ ಪುಸ್ತಕ ಇವರ ಕಪಾಟಿನಲ್ಲಿ ಒಂದಿದೆ. ಅದನ್ನು ಕೊಂಡವರು ಅವರ ಸ್ನೇಹಿತರು. ಇವರು ಓದಲು ತಂದವರು ಹಿಂದಿರುಗಿಸಿಲ್ಲ. ಒಂದು ಜಾಗ ಬಾಗಿಲು ಹಾಕಿದ ಮೇಲೆಯೇ ಇತ್ತಪ್ಪನವರು ಅದರೊಳಗೆ ಕಾಲಿಡುವುದು, ಅಲ್ಲಿಯವರೆಗೂ ಹೊರಗೇ ನಿಂತಿರುತ್ತಾರೆ.

ಈ ಕಾಯಿಲೆ ಬೆಂಗಳೂರಿಗಷ್ಟೇ ಸೀಮಿತವಾಗಿದ್ದರೆ ನಾವು ಪಾರಾಗುತ್ತಿದ್ದೆವೇನೋ. ಆದರೆ ಅವರ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ, ಎಲ್ಲ ಮನೆಗಳವರೂ ಸರದಿಯಲ್ಲಿ ಬಟ್ಟೆ ಒಗೆಯುವ ಕೋಣೆಯಲ್ಲಿ, ಒಬ್ಬ ಸ್ವೀಡಿಷ್ ಅಜ್ಜ ಗಂಟುಬಿದ್ದರು. ಬಾಲ್ಯ ಕ್ಲಾರಾದಲ್ಲಿ ಕಳೆದವರು. ಕ್ಲಾರಾ ಎಂದರೆ ಊರ ನಟ್ಟನಡುವಿನ ಹಳೆಯ ಪೇಟೆ: ಪತ್ರಿಕಾ ಕಚೇರಿಗಳು, ಅಚ್ಚುಕೂಟಗಳು, ಸಾಲದಲ್ಲಿ ಕಾಫಿ ಕುಡಿಯುವ ಕವಿಗಳು. 1950ರ ದಶಕದಿಂದ ಎಪ್ಪತ್ತರ ದಶಕದವರೆಗೆ ಅದನ್ನು ಸಾಲುಸಾಲಾಗಿ ಕೆಡವಿ ಕಚೇರಿ, ಅಂಗಡಿ, ಅಗಲ ರಸ್ತೆ ಮಾಡಿದರು, ಹೋಟೊರ್ಯೆಟ್ ಪಕ್ಕ ಒಂದೇ ಅಚ್ಚಿನ ಐದು ಗೋಪುರ ಎಬ್ಬಿಸಿದರು. ಅಲ್ಲಿ ಅಲೆದಾಡುತ್ತಿದ್ದ ನಿಲ್ಸ್ ಫೆರ್ಲಿನ್ ಎಂಬ ಕವಿ ಈಗ ಕಂಚಾಗಿ ಬೀದಿ ಬದಿಯಲ್ಲಿ ಸಿಗರೇಟು ಹಚ್ಚಿಕೊಳ್ಳುತ್ತ ನಿಂತಿದ್ದಾನೆ. ಸ್ವೀಡಿಷರು ಮಾತಾಡುವುದಿಲ್ಲ ಎನ್ನುವವರು ಅವರೆದುರು ಕೆಡವಿದ ಕಟ್ಟಡದ ಸುದ್ದಿ ಎತ್ತಿ ನೋಡಿಲ್ಲ. ಅಜ್ಜ ಒಂದು ಓಣಿ ಕೊಟ್ಟರೆ ಇವರು ಒಂದು ಟಾಕೀಸು ಕೊಡುತ್ತಿದ್ದರು. ಹಾಗೆ ಕೊಟ್ಟು ತಂದು, ಈಗ ಆ ಅಜ್ಜನಿಗೆ ಧರ್ಮಾಂಬುಧಿ ಕೆರೆಯ ಏರಿ ಗೊತ್ತು, ಇವರಿಗೆ ಕ್ಲಾರಾದ ಅಂಗಡಿಬೀದಿ ಗೊತ್ತು. ಇಬ್ಬರ ಬಟ್ಟೆಯೂ ಯಂತ್ರದೊಳಗೇ ಉಳಿದು, ಮುಂದಿನ ಸರದಿಯವರು ಬಾಗಿಲಿಗೆ ಸಿಟ್ಟಿನ ಚೀಟಿ ಅಂಟಿಸಿ ಹೋಗುತ್ತಾರೆ.

ಅಲ್ಲಿಂದ ಮುಂದೆ ಇತ್ತಪ್ಪನವರು ತಾವು ನೋಡದೇ ಇದ್ದುದಕ್ಕೂ ಅಳುವ ಹಕ್ಕು ಪಡೆದರು. 1971ರ ಮೇ ತಿಂಗಳಲ್ಲಿ ಕುಂಗ್ಸನ್ ಉದ್ಯಾನದ ಎಲ್ಮ್ ಮರಗಳನ್ನು ಮೆಟ್ರೋ ಬಾಗಿಲಿಗಾಗಿ ಕಡಿಯಲು ಬಂದಾಗ ಜನ ರಾತ್ರೋರಾತ್ರಿ ಮರ ಹತ್ತಿ ಕೂತು ಉಳಿಸಿಕೊಂಡರು. ಈ ಕಥೆಯನ್ನು ಅವರು ಹೇಳುವ ವರಸೆ ನೋಡಿದರೆ ಮೇಲಿನ ಕೊಂಬೆಯಲ್ಲಿ ಇವರೇ ಕೂತಿದ್ದರೆನ್ನಬೇಕು. ಆ ಮೇ ತಿಂಗಳಲ್ಲಿ ಅವರು ಮಲ್ಲೇಶ್ವರದಲ್ಲಿ ಮೂರನೇ ಕ್ಲಾಸಿನ ಬೇಸಿಗೆ ರಜೆ ಕಳೆಯುತ್ತಿದ್ದರು. ಒಂದು ಮಾತು ಮಾತ್ರ ಅವರು ನ್ಯಾಯವಾಗಿ ಹೇಳುತ್ತಾರೆ, ಒಪ್ಪಬೇಕು: "ಇಲ್ಲಿ ಮರಕ್ಕೋಸ್ಕರ ಮೆಟ್ರೋ ಬಾಗಿಲು ಸರಿಸಿದ್ರು. ನಮ್ಮಲ್ಲಿ ಮೆಟ್ರೋಗೋಸ್ಕರ ಎಂ.ಜಿ. ರೋಡಿನ ಬುಲೆವಾರ್ಡನ್ನೇ ಸರಿಸಿದ್ರು." ಆ ಉದ್ಯಾನದ ಕೆಳಗಿನ ನಿಲ್ದಾಣದಲ್ಲಿ ಕೆಡವಿದ ಹಳೆಯ ಕಟ್ಟಡಗಳ ಕಲ್ಲಿನ ಚೂರುಗಳನ್ನು ಜೋಡಿಸಿಟ್ಟಿದ್ದಾರೆ. ರೈಲು ಹತ್ತುವ ಕೆಲಸವಿಲ್ಲದಿದ್ದರೂ ಅವರು ಆಗಾಗ ಅಲ್ಲಿಗೆ ಹೋಗಿ ಬರುತ್ತಾರೆ.

ಸ್ಲುಸೆನ್ ಕಥೆಗೆ ನಾನೇ ಸಾಕ್ಷಿ. 1935ರಲ್ಲಿ ಕಟ್ಟಿದ, ರಸ್ತೆಗಳು ಒಂದರ ಮೇಲೊಂದು ಸುರುಳಿ ಸುತ್ತಿಕೊಂಡ ಆ ಕಾಂಕ್ರೀಟಿನ ಜಾಗವನ್ನು ದಾಟುವಾಗಲೆಲ್ಲ ಇತ್ತಪ್ಪನವರು ಮೂಗು ಮುಚ್ಚಿಕೊಂಡು, "ಇದನ್ನ ಯಾವಾಗ ಒಡೀತಾರೋ" ಎನ್ನುತ್ತಿದ್ದರು. 2016ರಲ್ಲಿ ಒಡೆಯಲು ಶುರು ಮಾಡಿದರು. ಅವತ್ತಿನಿಂದ ಅದು "ನಮ್ಮ ಸ್ಲುಸೆನ್". 2020ರಲ್ಲಿ ಚೀನಾದಲ್ಲಿ ಮಾಡಿಸಿದ ಚಿನ್ನದ ಬಣ್ಣದ ಸೇತುವೆ ಹಡಗಿನಲ್ಲಿ ಬಂದಾಗ ಊರೆಲ್ಲ ನೋಡಲು ಹೋಯಿತು. ಇವರು ಬೆನ್ನು ತಿರುಗಿಸಿಕೊಂಡು ನಿಂತು, ಇಲ್ಲದ ಸುರುಳಿಯ ಕಡೆ ನೋಡುತ್ತಿದ್ದರು.

ಇಂಥವರ ಕೈಗೆ ಹುಬ್ಬಳ್ಳಿಯ ಒಂದು ಹೊಸ ಜೋಡಿ ಸಿಕ್ಕಿತು. ಹುಡುಗನ ಆಫೀಸು ಇರುವುದು ಕಿಸ್ತಾದಲ್ಲಿ. ಬರೆಯುವುದು ಕಿಸ್ತಾ, ಕರೆಯುವುದು ಶಿಸ್ತಾ. ಭಾನುವಾರ ಊರು ತೋರಿಸುತ್ತೇನೆಂದು ಇತ್ತಪ್ಪನವರು ಅವರನ್ನು ಸೆರ್ಗೆಲ್ ಚೌಕಕ್ಕೆ ಕರೆದುಕೊಂಡು ಹೋದರು. ನಾವೂ ಹಿಂದೆ ಹೋದೆವು.

"ಇಲ್ಲೆಲ್ಲಾ ಕ್ಲಾರಾ ಇತ್ತಪ್ಪಾ," ಎಂದರು ಗಾಳಿಯಲ್ಲಿ ಕೈ ಬೀಸಿ.

"ಹೌದ್ರ್ಯಾ? ಈಗೇನೈತ್ರಿ?"

ಈ ಪ್ರಶ್ನೆಯನ್ನು ಅವರಿಗೆ ಈವರೆಗೆ ಯಾರೂ ಕೇಳಿರಲಿಲ್ಲ. ಸ್ವಲ್ಪ ತಡವರಿಸಿ, "ಈಗ ಅದೇನೋ... ಸಂಸ್ಕೃತಿ ಭವನ ಅಂತ 1974ರಲ್ಲಿ ಮಾಡಿದ್ದಾರೆ," ಎಂದರು.

"ಒಳಗ ಬೆಚ್ಚಗ ಇರತೈತೇನ್ರಿ ಸರ್?"

"ಇರಬಹುದು."

"ಹಂಗಾರ ಒಳಗ ಹೋಗೂಣ ಬರ್ರಿ."

ಒಳಗೆ ಗ್ರಂಥಾಲಯವಿತ್ತು, ಮಕ್ಕಳಿದ್ದರು, ಕಾಫಿಯಿತ್ತು. ಗಾಜಿನ ಗೋಡೆಯಿಂದ ಇಡೀ ಚೌಕ ಕಾಣುತ್ತಿತ್ತು. ಇತ್ತಪ್ಪನವರು ಕ್ಲಾರಾದ ಪರವಾಗಿ ಇಷ್ಟು ವರ್ಷ ಆ ಕಟ್ಟಡಕ್ಕೆ ಬಹಿಷ್ಕಾರ ಹಾಕಿದ್ದರೆಂದು ನಮಗೆ ಗೊತ್ತಾದದ್ದು ಆಗ. ದಾಲ್ಚಿನ್ನಿ ಬನ್ನು ಮಾತ್ರ ಎರಡು ತಿಂದರು.

ಹುಬ್ಬಳ್ಳಿಯ ಹುಡುಗಿ ಸೌಜನ್ಯಕ್ಕೆ ಕೇಳಿದಳು: "ಮಲ್ಲೇಶ್ವರದಾಗ ನಿಮ್ಮ ಮನಿ ಹೆಂಗೈತ್ರಿ ಅಂಕಲ್?"

"ಇತ್ತಮ್ಮಾ." ದನಿ ಬದಲಾಯಿತು. ಮಂಗಳೂರು ಹೆಂಚು, ಕೆಂಪು ಗಾರೆ ನೆಲ, ಮುಂದೆ ಜಗಲಿ, ಹಿತ್ತಲಲ್ಲಿ ಸಂಪಿಗೆ ಮರ. ಹುಡುಗಿಯ ಕಣ್ಣಲ್ಲಿ ನೀರೇ ಬಂತು. "ಅಯ್ಯ, ಯಾರ್ ಕೆಡವಿದ್ರ್ರಿ ಅದನ್ನ?"

ಇತ್ತಪ್ಪನವರು ಬನ್ನಿನ ಮೇಲಿನ ಸಕ್ಕರೆ ಹರಳುಗಳನ್ನು ಎಣಿಸತೊಡಗಿದರು. ಉತ್ತರ ಪಕ್ಕದ ಕುರ್ಚಿಯಿಂದ ಬಂತು. "ಇವರೇ. ಬಿಲ್ಡರ್‌ಗೆ ಕೊಟ್ರು. ಪವರ್ ಆಫ್ ಅಟಾರ್ನಿ ಮಾಡಿಸೋಕೆ ರಜಾ ಹಾಕಿ ಎಂಬೆಸಿಗೆ ಓಡಿದ ಹುಮ್ಮಸ್ಸು ನೀವು ನೋಡಬೇಕಿತ್ತು. ಎರಡು ಫ್ಲಾಟು, ಒಂದು ಕಾರ್ ಪಾರ್ಕಿಂಗು ಬಂತು. ಕಡಿದ ಮರದ ಹೆಸರನ್ನೇ ಅಪಾರ್ಟ್‌ಮೆಂಟಿಗೆ ಇಟ್ಟಿದ್ದಾರೆ."

"ನಾಲ್ಕು ಜನ ಅಣ್ಣತಮ್ಮಂದಿರು, ಒಂದು ಮನೆ. ಏನು ಮಾಡೋದು ಹೇಳಿ," ಎಂದರು ಇತ್ತಪ್ಪನವರು. ಅದೂ ಸುಳ್ಳಲ್ಲ. ಬೆಂಗಳೂರಿನ ಹೆಂಚಿನ ಮನೆಗಳಲ್ಲಿ ಎಷ್ಟೋ ಬಿದ್ದದ್ದು ಹೀಗೆಯೇ, ಹೊರಗಿನಿಂದ ಯಾರೂ ದಾಳಿ ಮಾಡಲಿಲ್ಲ.

"ಬಾಡಿಗಿ ಎಷ್ಟ್ ಬರತೈತ್ರಿ ಸರ್?" ಎಂದ ಹುಡುಗ. ಇದಕ್ಕೆ ಮಾತ್ರ ಅವರು ತಡವರಿಸಲಿಲ್ಲ. ಎರಡು ಫ್ಲಾಟಿನ ಬಾಡಿಗೆ, ಅಡ್ವಾನ್ಸು, ಮೇಂಟೆನೆನ್ಸು, ಬರುವ ಏಪ್ರಿಲ್‌ನಿಂದ ಏರಿಸಬೇಕೆಂದಿರುವ ಮೊತ್ತ, ಎಲ್ಲವನ್ನೂ ವರ್ತಮಾನ ಕಾಲದಲ್ಲಿ, ಪೈಸೆ ಬಿಡದೆ ಹೇಳಿದರು.

ಆಮೇಲೆ ಆ ಜೋಡಿಗೂ ಇವರಿಗೂ ಬಹಳ ಬಳಕೆಯಾಯಿತು. ಹುಡುಗಿ ರೊಟ್ಟಿ, ಶೇಂಗಾ ಹಿಂಡಿ ತಂದುಕೊಡುತ್ತಿದ್ದಳು. ಇತ್ತಪ್ಪನವರು ಒಂದೂ ಒಳ್ಳೆಯ ಮಾತಾಡದೆ, "ಇಷ್ಟು ಗಟ್ಟಿ ರೊಟ್ಟಿ ಹೇಗಮ್ಮ ಅಗೀತೀರಿ," ಎಂದು ಗೊಣಗುತ್ತ ತಿನ್ನುತ್ತಿದ್ದರು. ಹೋದ ವಾರ ಹುಡುಗನಿಗೆ ಗೋಥೆನ್‌ಬರ್ಗಿನಲ್ಲಿ ಕೆಲಸ ಸಿಕ್ಕಿತೆಂದು ಹೇಳಲು ಇಬ್ಬರೂ ಬಂದರು. ನಾವೆಲ್ಲ ಇದ್ದೆವು. ಸುದ್ದಿ ಕೇಳಿದ ಇತ್ತಪ್ಪನವರು ಸೋಫಾದಲ್ಲಿ ಒರಗಿ, ಕಿಟಕಿಯಾಚೆ ನೋಡುತ್ತ, ನನ್ನ ಕಡೆ ತಿರುಗಿ ಶುರು ಮಾಡಿಯೇಬಿಟ್ಟರು:

"ಈ ಊರಲ್ಲಿ ಹುಬ್ಬಳ್ಳಿಯವರದ್ದು ಒಂದು ಮನೆ ಇತ್ತಪ್ಪಾ. ಆಹಾ, ಎಂಥಾ ರೊಟ್ಟಿ ಮಾಡ್ತಿದ್ದರು!"

"ಸರ್, ನಾವ್ ಇನ್ನೂ ಇಲ್ಲೇ ಅದೀವಲ್ರಿ," ಎಂದ ಹುಡುಗ. "ಹೋಗೂದು ಬರೂ ತಿಂಗಳ. ಡಬ್ಬಿಯೊಳಗ ರೊಟ್ಟಿ ಅದಾವು, ಆರೂದ್ರೊಳಗ ತಿನ್ರಿ."