ಝೋನಲ್ ಲೆವಲ್ ಮಾಮಾ

ನನ್ನ ಅಕ್ಕನ ಗಂಡ, ಅಂದರೆ ನಮ್ಮ ಮಾಮಾ, ಕಾಲೇಜಿನಲ್ಲಿದ್ದಾಗ ಝೋನಲ್ ಲೆವಲ್ ತನಕ ಓಡಿದವರು. ಬೈಲಹೊಂಗಲದಲ್ಲಿ ಇದು ಗೊತ್ತಿಲ್ಲದವರು ಯಾರಾದರೂ ಇದ್ದರೆ ಅವರಿನ್ನೂ ಮಾಮಾ ಜೊತೆ ಚಹಾ ಕುಡಿದಿಲ್ಲ ಎಂದೇ ಅರ್ಥ.

ಇಂಥವರು ಒಬ್ಬರೇ ಅಲ್ಲ ಬಿಡಿ. ನಮ್ಮ ಬೀಗರ ಪೈಕಿಯಲ್ಲೇ ಕಿತ್ತೂರಿನಲ್ಲೊಬ್ಬರು ವಾಲಿಬಾಲ್, ಸವದತ್ತಿಯಲ್ಲೊಬ್ಬರು ಕಬಡ್ಡಿ, ರಾಮದುರ್ಗದಲ್ಲೊಬ್ಬರು ಖೋಖೋ. ಎಲ್ಲರಿಗೂ ಈಗ ನಲವತ್ತೈದರ ಆಸುಪಾಸು, ಸಾಲಿಗೆ ಹೋಗುವ ಮಕ್ಕಳು, ಶರ್ಟಿನ ಕೆಳಗಿನ ಗುಂಡಿಗೆ ಸದಾ ಜೀವಭಯ. ಎಲ್ಲರೂ ಸ್ಟೇಟಿಗೆ ಆಯ್ಕೆ ಆಗುವವರೇ ಇದ್ದರು. ಅಷ್ಟರಲ್ಲಿ ಮೊಣಕಾಲು ಕೈಕೊಟ್ಟಿತು.

ಬೆಳಗಾವಿಯ ಫಡೆಪ್ಪ ಚೌಗುಲೆ 1920ರ ಆಂಟ್ವರ್ಪ್ ಒಲಿಂಪಿಕ್ಸ್‌ನಲ್ಲಿ ಮ್ಯಾರಥಾನ್ ಓಡಿ 19ನೆಯವರಾಗಿ ಮುಗಿಸಿದರು ಎಂಬುದನ್ನು ಮಾಮಾ ಎಲ್ಲೋ ಓದಿಕೊಂಡದ್ದು ನಮ್ಮ ಗ್ರಹಚಾರ. ಅಂದಿನ ಓಟ 42.75 ಕಿಲೋಮೀಟರ್, ಈಗಿನ ಮ್ಯಾರಥಾನಿಗಿಂತ ಅರ್ಧ ಕಿಲೋಮೀಟರಿಗೂ ಹೆಚ್ಚು. ಚೌಗುಲೆ ಮೂರು ತಾಸಿನೊಳಗೇ ಮುಗಿಸಿದ್ದರು. ಊರೂರಿಗೂ ಹೇಳಬೇಕಾದ ಸಂಗತಿಯೇ, ತಕರಾರಿಲ್ಲ. ಆದರೆ ಮಾಮಾ ಅದನ್ನು ಹೇಳುವಾಗ "ಬೆಳಗಾವಿ ಜಿಲ್ಲಾದ ನೀರಾಗ ಐತಿ ಅದು" ಎಂದು ತಮ್ಮ ಎದೆಯನ್ನೇ ಮುಟ್ಟಿಕೊಳ್ಳುತ್ತಾರೆ. ಅದೇ ಜಿಲ್ಲೆಯ ನೀರು ಕುಡಿದ ನಾನು, ಬಸ್ಸು ಹೊರಟಿತೆಂದರೂ ಓಡುವವನಲ್ಲ. ಮುಂದಿನದಕ್ಕೆ ಹೋದರಾಯಿತು.

2025ರ ಜನವರಿ 12, ರವಿವಾರ, ವಿವೇಕಾನಂದ ಜಯಂತಿ. ಸವದತ್ತಿ ರಸ್ತೆಯಲ್ಲಿ 5 ಕಿಲೋಮೀಟರ್ ಓಟ, ಪಾಲಕರೂ ಓಡಬಹುದು. ಒಂಬತ್ತನೇತ್ತಾದ ಮಗಳು ಬೆಳಿಗ್ಗೆ ಹೆಸರು ಕೊಟ್ಟಳು, ಸಂಜೆಯೊಳಗೆ ಅಪ್ಪನೂ ಕೊಟ್ಟರು. ಪ್ರ್ಯಾಕ್ಟೀಸು ನಾಳಿಂದ. ಐದು ಗಂಟೆಯ ಅಲಾರಾಂ ಬಡಿದಾಗ ಏಳುತ್ತಿದ್ದದ್ದು ಅಕ್ಕ. "ಥಂಡಿ ಭಾಳ ಐತಿ, ಸ್ನಾಯು ಹಿಡೀತಾವ" ಎಂದು ಮಾಮಾ ಚಾದರದೊಳಗಿಂದಲೇ ಕ್ರೀಡಾವಿಜ್ಞಾನ ಬೋಧಿಸುತ್ತಿದ್ದರು. ಸಂಕ್ರಾಂತಿಗೆಂದು ಅಕ್ಕ ಡಬ್ಬಿಯಲ್ಲಿ ತೆಗೆದಿಟ್ಟ ಶೇಂಗಾ ಹೋಳಿಗೆ ಮಾತ್ರ ಹಿಂದಿನ ರಾತ್ರಿಯೇ ಖಾಲಿ. ಅದಕ್ಕೆ ಕಾರ್ಬೋ ಲೋಡಿಂಗ್ ಅನ್ನುತ್ತಾರಂತೆ.

ಸೀಟಿ ಊದಿದ್ದೇ ತಡ, ಮಾಮಾ ಎಲ್ಲ ಹುಡುಗರನ್ನೂ ಹಿಂದೆ ಹಾಕಿ ಹೋದರು. ನೀರಿನ ಬಾಟ್ಲಿ, ಟಾವೆಲ್ಲು ಹಿಡಿದು ಸ್ಕೂಟರಿನಲ್ಲಿ ಹಿಂಬಾಲಿಸುತ್ತಿದ್ದ ನನಗೇ ಒಂದು ಗಳಿಗೆ ಆ ಝೋನಲ್ ಕತೆ ಖರೇ ಇರಬಹುದು ಅನ್ನಿಸಿತು. ಗಳಿಗೆ ಕಳೆಯಿತು. ಒಬ್ಬೊಬ್ಬರಾಗಿ ಹುಡುಗರು ದಾಟಿದರು, ಮಗಳು ದಾಟಿದಳು, ಹೊಟ್ಟೆನೋವು ಹಿಡಿದುಕೊಂಡೇ ಓಡುತ್ತಿದ್ದ ಹುಡುಗನೂ ದಾಟಿದ. ಕಬ್ಬು ಹೇರಿದ ಜೋಡಿ ಟ್ರೇಲರು ದಿಬ್ಬ ಹತ್ತುವ ಹಾಗೆ ಮಾಮಾ ಸದ್ದು ಮಾಡತೊಡಗಿದರು.

ಮರುದಿನ ಬನದ ಹುಣ್ಣಿಮೆ. ರಸ್ತೆ ತುಂಬ ಎಲ್ಲಮ್ಮನ ಗುಡ್ಡಕ್ಕೆ ಹೊರಟ ಚಕ್ಕಡಿ, ಟ್ರ್ಯಾಕ್ಟರು, ಕಾಲ್ನಡಿಗೆಯ ಮಂದಿ. ತಲೆಯ ಮೇಲೆ ರೊಟ್ಟಿಗಂಟು ಹೊತ್ತ ಬರಿಗಾಲಿನ ಮುದುಕಿಯೊಬ್ಬಳು ಮಾಮಾನ ಜೋಡಿಗೆ ಬಂದಳು. ಎಪ್ಪತ್ತಕ್ಕೆ ಕಡಿಮೆ ಇಲ್ಲ. ಮುಖ ನೋಡಿ ಮರುಗಿದಳು.

"ಭಾಳ ದಣದೀಯಲ್ಲೋ ಯಪ್ಪಾ. ಯಾವೂರಿಂದ ನಡಕೊಂತ ಬಂದಿ?"

"ಬೈಲಹೊಂಗಲ."

"ಇಲ್ಲೇ ಹಿಂದಿಂದನ?" ಎಂದವಳು, ತಾನು ಖಾನಾಪುರದ ಕಡೆಯಿಂದ ನಡೆದು ಬಂದದ್ದನ್ನು ಹೇಳಿ, ಸೆರಗಿನ ಗಂಟು ಬಿಚ್ಚಿ ಮಾಮಾನ ಹಣೆಗೆ ದಪ್ಪಗೆ ಭಂಡಾರ ಬಳಿದಳು. "ತಾಯಿ ಶಕ್ತಿ ಕೊಡ್ತಾಳ, ಹೋಗು." ಹೋದವಳು ಅವಳೇ. ತಿರುಗಿ ಬರಬೇಕಾದ ಕಂಬದ ತನಕ ಮಾಮಾ ಅವಳ ಬೆನ್ನಿಗೇ ಇದ್ದರು; ಓಡುತ್ತಿದ್ದವರಿಗೆ ನಡೆಯುತ್ತಿದ್ದವಳು ಸಿಗಲಿಲ್ಲ.

ಸ್ಕೂಟರು ಹತ್ತಿರಕ್ಕೆ ತಂದೆ. "ಹತ್ರಿ ಮಾಮಾ, ಯಾರೂ ನೋಡಂಗಿಲ್ಲ." ಸೊಂಟದ ಮೇಲೆ ಕೈಯಿಟ್ಟು ತೇಕುತ್ತ ಅವರು ಸೀಟನ್ನೇ ನೋಡಿದರು. ಆಸೆ ಇತ್ತು, ಸುಳ್ಳೇಕೆ. "ಬ್ಯಾಡೋ" ಅಂದರು ಕಡೆಗೆ, "ಆಕಿ ಅಲ್ಲೆ ಕಾಯಾಕತ್ತಿರ್ತಾಳ."

ಮಗಳು ಕಾಯುತ್ತಿರಲಿಲ್ಲ. ಗೆಳತಿಯರ ನಡುವೆ ಕೂತು ಉಪ್ಪಿಟ್ಟು ತಿನ್ನುತ್ತಿದ್ದಳು. ಕೊನೆಯ ನೂರು ಹೆಜ್ಜೆ ಮಾಮಾ ಖರೇನೇ ಓಡಿದರು; ಎದೆ ಮುಂದೆ, ಹಣೆಯ ಭಂಡಾರ ಬೆವರಿನಲ್ಲಿ ಮೂಗಿನ ತುದಿಗಿಳಿದಿತ್ತು. ಮಗಳು ಒಮ್ಮೆ ತಿರುಗಿ ನೋಡಿ ಗೆಳತಿಯರಿಗೆ ಏನೋ ಅಂದಳು, ಎಲ್ಲರೂ ನಕ್ಕರು. ಏನಂದಳೋ. ಮನೆಗೆ ಬರುವ ದಾರಿಯಲ್ಲಿ ಚೌಗುಲೆಯವರ ಸುದ್ದಿ ಬರಲಿಲ್ಲ. ಬಂದಿದ್ದರೆ ಚಲೋ ಇತ್ತು ಅನ್ನಿಸಿತು ನನಗೆ, ನಂಬುವಿರೋ ಇಲ್ಲವೋ.

ಬೇಸಿಗೆಯಲ್ಲಿ ರಾಮದುರ್ಗದಲ್ಲೊಂದು ಮದುವೆ. ಊಟದ ಪಂಕ್ತಿಯಲ್ಲಿ ಖೋಖೋ ಬೀಗರು ಎದುರಿಗೇ ಸಿಕ್ಕರು. ಬುಂದೇದ ಲಾಡು ಬಡಿಸುವಷ್ಟರಲ್ಲಿ ಮಾಮಾ ಚೇತರಿಸಿಕೊಂಡಿದ್ದರು: ಜನವರಿ ಥಂಡಿ, ಸವದತ್ತಿ ರಸ್ತೆ, ಎದುರುಗಾಳಿ, ಎಂಟು ಕಿಲೋಮೀಟರ್. ಮುದುಕಿಯ ಪ್ರಸ್ತಾಪವೇ ಇಲ್ಲ.

"ಎಂಟ?" ಎಂದು ಖೋಖೋ ಬೀಗರು ಹುಬ್ಬೇರಿಸಿ ಸಾಕ್ಷಿಗೆಂದು ನನ್ನ ಕಡೆ ತಿರುಗಿದರು. ನಾನು ತಲೆ ತಗ್ಗಿಸಿ ಬದನೆಕಾಯಿ ಪಲ್ಯದಲ್ಲಿ ಮಗ್ನನಾದೆ.

"ಎಂಟಲ್ಲ ಕಾಕಾ, ಹತ್ತು" ಅಂದಳು ಆಚೆ ಎಲೆಯ ಮಗಳು, ಮುಖದಲ್ಲಿ ನಗುವಿನ ಸುಳಿವಿಲ್ಲದೆ. "ನಮ್ಮಪ್ಪಗ ಲೆಕ್ಕ ಇಡಾಕ ಬರೂದಿಲ್ಲ."